ವಿಮಲಮ್ಮನ ಹಳದಿ ರಾಶಿ

ಮೇಷ್ಟ್ರುಗಳೆಲ್ಲ ಮನೆಮನೆ ಸಮೀಕ್ಷೆಗೆ ಹೊರಟಿದ್ದರಿಂದ ಶಾಲೆಗೆ ರಜೆ. ಮಕ್ಕಳಿಗೆ ಹಬ್ಬ, ಮನೆಯವರಿಗೆ ತಲೆನೋವು. ಎರಡನೇ ತರಗತಿಯ ಮಂಗಳಗೌರಿ ಮಿಸ್ ಮಾತ್ರ ಮಕ್ಕಳನ್ನು ಸುಮ್ಮನೆ ಬಿಡುವವರಲ್ಲ. ದಿನಾ ಬೆಳಿಗ್ಗೆ ಪೋಷಕರ ವಾಟ್ಸಾಪ್ ಗುಂಪಿಗೆ ಅಂದಿನ ಚಟುವಟಿಕೆಗಳನ್ನು ತಮ್ಮ ದನಿಯಲ್ಲೇ ಹೇಳಿ ಕಳಿಸುತ್ತಿದ್ದರು. ಸಂಜೆಯೊಳಗೆ ಏನೇನು ಮಾಡಿದೆ ಎಂದು ಮಗುವೇ ಮಾತಾಡಿ ಅದೇ ಗುಂಪಿಗೆ ಹಾಕಬೇಕು. ಊರವರೆಲ್ಲ ಕೇಳುವ ಗುಂಪು ಅದು.

ಪಿರಿಯಾಪಟ್ಟಣದ ಆಚೆಯ ಆ ಊರಲ್ಲಿ ಆ ತಿಂಗಳು ಯಾರಿಗೂ ಪುರುಸೊತ್ತಿಲ್ಲ. ಬ್ಯಾರನ್ ಎಂಬ ಬಿಸಿಗೂಡಿನಲ್ಲಿ ಬೇಯಿಸಿದ ಹೊಗೆಸೊಪ್ಪನ್ನು ಬಣ್ಣ ನೋಡಿ ವಿಂಗಡಿಸಿ, ಗೋಣಿಯಲ್ಲಿ ಬೇಲು ಕಟ್ಟಿ, ಹರಾಜಿಗೆ ಸಾಗಿಸುವ ಕಾಲ. ವಿಮಲಮ್ಮನ ಮಗ ಮಹೇಂದ್ರ, ಸೊಸೆ ಸೌಂದರ್ಯ ಬೆಳಗಾಗುತ್ತಲೇ ಹೊಲಕ್ಕೆ ಹೋದರು. ಹೋಗುವಾಗ ಸೌಂದರ್ಯ ಮಗಳಿಗೆ, "ಹೊಗೆಸೊಪ್ಪು ಮುಟ್ಟಿದ್ರೆ ಚೆನ್ನಾಗಿರಕಿಲ್ಲ ನೋಡು" ಎಂದು ಬೆರಳು ತೋರಿಸಿ ಎಚ್ಚರಿಸಿದಳು. ಹಾಗಾಗಿ ಏಳು ವರ್ಷದ ಸ್ಪಂದನಾ, ಅವಳ ಪಾಠ, ಮನೆಯಲ್ಲಿ ಬಿಟ್ಟಿದ್ದ ಹಳೆಯ ಫೋನು, ಮೂರೂ ಅಜ್ಜಿ ವಿಮಲಮ್ಮನ ಪಾಲಿಗೆ ಬಂದವು.

ವಿಮಲಮ್ಮ ಕಿಟಕಿಯ ಪಕ್ಕದ ಚಾಪೆಯ ಮೇಲೆ ಸೊಪ್ಪು ವಿಂಗಡಿಸುತ್ತ ಕೂತಿದ್ದಳು. ಆ ಜಾಗದಲ್ಲಿ ಬೇರೆ ಯಾರೂ ಕೂರುವಂತಿಲ್ಲ. ಸೊಪ್ಪಿನ ಬಣ್ಣದ ವಿಷಯದಲ್ಲಿ ಆ ಬೀದಿಗೆಲ್ಲ ಅವಳೇ ಹೈಕೋರ್ಟು. ಇದು ಹಳದಿ ಎಂದರೆ ಹಳದಿ, ಕಂದು ಎಂದರೆ ಕಂದು. ಈ ವರ್ಷವಂತೂ ಅವಳಿಗೆ ಹಿಗ್ಗೋ ಹಿಗ್ಗು. ಗಂಡ ತೀರಿಕೊಂಡ ಮೇಲೆ ಮಗ ಒಬ್ಬನೇ ಬ್ಯಾರನ್ ನೋಡಿಕೊಂಡ ಮೊದಲ ವರ್ಷ. ಸೊಪ್ಪೆಲ್ಲ ಬಂಗಾರದ ಹಾಗೆ ಬಂದಿದೆ! ಬ್ಯಾರನ್ ಬಾಗಿಲು ತೆಗೆದ ದಿನ, "ನಿಮ್ಮಪ್ಪನ ಕೈಲೂ ಈ ಬಣ್ಣ ಬರ್ನಿಲ್ಲ ಕಣ್ಲಾ" ಎಂದುಬಿಟ್ಟಿದ್ದಳು. ಹುಟ್ಟಿದಾಗಿನಿಂದ ಅವ್ವನ ಬಾಯಲ್ಲಿ ಒಳ್ಳೆ ಮಾತು ಕೇಳದ ಮಹೇಂದ್ರ ಆ ಖುಷಿಗೇ ಅವತ್ತು ಎರಡು ಲೋಟ ಟೀ ಕುಡಿದಿದ್ದ.

ಮೊದಲನೇ ಚಟುವಟಿಕೆ, ಬಾಗಿಲಲ್ಲಿ ಕೂತು ಬೀದಿಯಲ್ಲಿ ಹೋಗುವ ಗಾಡಿಗಳನ್ನು ನೋಡಿ ಬರೆಯುವುದು. ಸ್ಪಂದನಾ ಸ್ವಲ್ಪ ಹೊತ್ತಿಗೇ ಸ್ಲೇಟು ಹಿಡಿದು ಒಳಗೆ ಬಂದಳು.

"ಹತ್ತು ಲಾರಿ, ಇಪ್ಪತ್ತು ಬೈಕು, ಒಂದು ವಿಮಾನ."

"ನಮ್ಮ ಬೀದೀಲಿ ವಿಮಾನ ಓಯ್ತಾ?"

"ಮೇಲೆ ಓಯ್ತು."

"ಲಾರೀನೂ ಮೇಲೇ ಓದ್ವೇನೋ! ಒಂದ್ರದ್ದೂ ಸದ್ದು ಕೇಳ್ನಿಲ್ವಲ್ಲ. ನೋಡು ಮಗಳೇ, ಕಂಡಷ್ಟು ಹೇಳು. ಕಾಣ್ದೆ ಇದ್ರೆ ಕಾಣ್ನಿಲ್ಲ ಅನ್ನು. ಕಾಣ್ದೇನೇ ಕಂಡಂಗೆ ಮಾತ್ರ ಹೇಳ್ಬ್ಯಾಡ."

ಸ್ಪಂದನಾ ಮುಖ ಊದಿಸಿಕೊಂಡು ಸ್ಲೇಟು ಒರೆಸಿದಳು. ಮತ್ತೆ ಹೋಗಿ ಕೂತು, ಎರಡು ಬೈಕು ಮತ್ತು ಒಂದು ಟ್ರ್ಯಾಕ್ಟರ್ ಎಂದು ಬರೆದು ತಂದಳು.

ಎರಡನೆಯದು, ಕಣ್ಣು ಮುಚ್ಚಿ ಕಾಳು ಗುರುತಿಸುವುದು. ಅದರಲ್ಲಿ ವಿಮಲಮ್ಮನನ್ನು ಮೀರಿಸುವುದುಂಟೆ? ಹುರುಳಿ, ಅಲಸಂದೆ, ಅವರೆ, ತೊಗರಿ ಎಲ್ಲವೂ ಬೆರಳಿಗೆ ತಾಗುತ್ತಲೇ ಹೆಸರು ಹೇಳಿದಳು. ಮೊಮ್ಮಗಳು ತೊಗರಿಯಲ್ಲೇ ಸೋತಳು. ಅಜ್ಜಿಗೆ ಇನ್ನಷ್ಟು ಹುಮ್ಮಸ್ಸು ಬಂತು.

ಊಟವಾದ ಮೇಲೆ ಮೂರನೆಯದು. 'ಈಗ ಮಗು ಟೀಚರ್, ಮನೆಯ ಹಿರಿಯರು ವಿದ್ಯಾರ್ಥಿ. ಮಗು ವಸ್ತು ತೋರಿಸಲಿ, ಹಿರಿಯರು ಬಣ್ಣ ಹೇಳಲಿ' ಎಂದಿತ್ತು ಮಿಸ್ಸಿನ ದನಿ. ಸ್ಪಂದನಾ ಅಮ್ಮನ ವೇಲು ಹೊದ್ದು, ಕೈಯಲ್ಲಿ ಸ್ಕೇಲು ಹಿಡಿದು, ಥೇಟ್ ಮಂಗಳಗೌರಿ ಮಿಸ್ ಆದಳು.

ಕೆಂಪು ಬಕೆಟ್ಟು ಸರಿ. ಕಪ್ಪು ಛತ್ರಿ ಸರಿ. ಸೀಬೆ ಎಲೆ ಹಸಿರು, ಸರಿ. ಆಮೇಲೆ ಅವಳು ತನ್ನ ಹಳೆ ಫ್ರಾಕು ಎತ್ತಿ ಹಿಡಿದಳು.

"ಅರಿಶಿನ," ಎಂದಳು ವಿಮಲಮ್ಮ.

"ತಪ್ಪು! ಇದು ಬಿಳಿ."

"ತೊಳೆದೂ ತೊಳೆದೂ ಅಂಗಾಗದೆ ಬುಡು. ಮುಂದಿಂದು ತೋರ್ಸು."

ಗಿಳಿಹಸಿರು ರಿಬ್ಬನ್ ಬಂತು. ಅದಕ್ಕೂ ಹಳದಿ ಎಂದಳು. ತಪ್ಪು. ವಿಮಲಮ್ಮನಿಗೆ ರೇಗಿತು. ಈ ಚೋಟುದ್ದದ ಹುಡುಗಿ ತನಗೆ ಬಣ್ಣ ಹೇಳಿಕೊಡುವುದೇ? ತಾನೇ ಆರಿಸಿಟ್ಟಿದ್ದ ಪಕ್ಕದ ಹಳದಿ ರಾಶಿಯಿಂದ ಮೂರು ಸೊಪ್ಪು ಎಳೆದು, "ಮುಟ್ಬ್ಯಾಡ, ದೂರದಿಂದ ನೋಡು. ಇವು ಯಾವ ಬಣ್ಣ, ಹೇಳು ಮಿಸ್ಸಮ್ಮ?" ಎಂದಳು.

"ಇದು ಹಳದಿ. ಇದೂ ಹಳದಿ. ಇದು ಹಸ್ರಾಗದೆ."

"ಸುಳ್ಳು ಹೇಳ್ತೀಯೇನೇ?"

"ದೇವ್ರಾಣೆ ಅಜ್ಜಿ."

ವಿಮಲಮ್ಮ ಸೊಪ್ಪು ಹಿಡಿದು ಅಂಗಳದ ಬಿಸಿಲಿಗೆ ಹೋದಳು. ಕಣ್ಣಿಗೆ ಹತ್ತಿರ ಹಿಡಿದಳು, ದೂರ ಹಿಡಿದಳು. ಮೂರೂ ಅದೇ ಹಳದಿ. ಹುಡುಗಿ ಆಟ ಆಡಿಸುತ್ತಿದ್ದಾಳೆ ಎಂದುಕೊಂಡು, ಹಸಿರು ಎಂದ ಸೊಪ್ಪಿನ ತೊಟ್ಟಿಗೆ ಒಂದು ನೂಲು ಸುತ್ತಿ, ಅದನ್ನು ಬೆರಳಲ್ಲಿ ಮುಚ್ಚಿ, ಇನ್ನೂ ಐದಾರು ಸೊಪ್ಪಿನ ಜೊತೆ ಬೆರೆಸಿ ತೋರಿಸಿದಳು.

ಸ್ಪಂದನಾ ಸ್ಕೇಲಿನ ತುದಿಯಿಂದ ನೂಲು ಸುತ್ತಿದ್ದನ್ನೇ ತೋರಿಸಿದಳು. ಅದರ ಪಕ್ಕದ್ದನ್ನೂ ತೋರಿಸಿ, "ಇದೂ ಅಂಗೇ ಅದೆ" ಎಂದಳು. ಮತ್ತೆ ಬೆರೆಸಿದರೂ ಅವೇ ಎರಡು.

ವಿಮಲಮ್ಮ ಜಗಲಿಯ ಮೇಲೆ ಕೂತಳು. ಈ ವರ್ಷ ಸೊಪ್ಪೆಲ್ಲ ಬಂಗಾರವಾಗಿದ್ದು ಮಗನ ಕೈಗುಣದಿಂದ ಅಲ್ಲ. ತನ್ನ ಕಣ್ಣಿಗೆ ಪೊರೆ ಬಂದು ಲೋಕವೆಲ್ಲ ಹಳದಿಯಾಗಿದೆ. ನಾಳೆ ಬೆಳಿಗ್ಗೆ ಈ ವರ್ಷದ ಮೊದಲ ಬೇಲುಗಳು ಹರಾಜಿಗೆ ಹೋಗಬೇಕು. ಬಣ್ಣ ಬೆರೆತ ಬೇಲನ್ನು ಅಲ್ಲಿ ಬಿಚ್ಚಿ ನೋಡಿ ಪಕ್ಕಕ್ಕೆ ತಳ್ಳುತ್ತಾರೆ, ನಾಲ್ಕು ಊರಿನವರ ಮುಂದೆ ಮಗ ತಲೆ ತಗ್ಗಿಸಬೇಕು. ಈಗ ಹೇಳಿದರೆ ಕಿಟಕಿಯ ಪಕ್ಕದ ಜಾಗ ಹೋಯಿತು. ಅದಿಲ್ಲದ ಮೇಲೆ ಈ ಮನೆಯಲ್ಲಿ ತಾನು ಯಾರು? ಅವಳಿಗೆ ನಿಜಕ್ಕೂ ಅಳು ಬಂತು.

ಸ್ಪಂದನಾ ಫೋನು ಹಿಡಿದು ಪಕ್ಕಕ್ಕೆ ಬಂದಳು. ಅಜ್ಜಿಯ ಮುಖ ನೋಡಿ ಅವಳ ಟೀಚರ್‌ಗಿರಿ ಇಳಿದುಹೋಗಿತ್ತು.

"ಅಜ್ಜಿ, ಮಿಸ್ಸಿಗೆ ಹೇಳ್ಬೇಕು. ನಮ್ಮಜ್ಜಿ ಎಲ್ಲಾ ಸರಿ ಹೇಳ್ತು ಅಂತ ಹೇಳ್ಬುಡ್ಲಾ?"

ಎಂಥ ಆಸೆ! ವಿಮಲಮ್ಮನ ಬಾಯಿಗೆ ಹೂಂ ಎಂಬುದು ಬಂದೇ ಬಿಟ್ಟಿತ್ತು. ಜಗಲಿಯ ಮೇಲೆ ಸ್ಲೇಟು ಬಿದ್ದಿತ್ತು, ಅದರಲ್ಲಿ ಎರಡು ಬೈಕು, ಒಂದು ಟ್ರ್ಯಾಕ್ಟರ್.

"ಬ್ಯಾಡ ಕಣವ್ವ," ಎಂದಳು ಸೆರಗಿನಲ್ಲಿ ಮೂಗೊರೆಸಿಕೊಂಡು. "ನೀನು ಕಂಡಿದ್ದೇ ಹೇಳು."

ಸ್ಪಂದನಾ ಫೋನನ್ನು ಬಾಯಿಯ ಹತ್ತಿರ ಹಿಡಿದಳು. "ಮಿಸ್, ನಮ್ಮಜ್ಜಿಗೆ ಕಾಳು ಎಲ್ಲಾ ಬತ್ತದೆ. ಹಸಿರು ಬರಕಿಲ್ಲ. ಬಿಳಿನೂ ಬರಕಿಲ್ಲ. ಥ್ಯಾಂಕ್ಯೂ ಮಿಸ್." ಟಿಂಗ್ ಎಂದು ಅದು ಊರಿಗೆಲ್ಲ ಹೋಯಿತು.

ಇಳಿಹೊತ್ತಿಗೆ ಮಹೇಂದ್ರ ಗೋಣಿ, ದಬ್ಬಳ, ಹುರಿ ಹಿಡಿದು ಬೇಲು ಹೊಲಿಯಲು ಬಂದ. ಹಿಂದೆಯೇ ಸೌಂದರ್ಯ ಬಂದಳು. ನೋಡಿದರೆ ವಿಮಲಮ್ಮ ಹಳದಿ ರಾಶಿಯನ್ನೆಲ್ಲ ಬಿಚ್ಚಿ ಚಾಪೆಯ ತುಂಬ ಹರಡಿದ್ದಳು. ತಾನು ಮಾತ್ರ ಗೋಡೆಯ ಕಡೆ ಸರಿದು ಕೂತಿದ್ದಳು.

"ಹೊಲಿಬ್ಯಾಡ ಕಣಪ್ಪ. ಎಲ್ಲಾ ಬೆರ್ತೋಗದೆ. ನಂಗೆ ಕಣ್ಣು ಕಾಣಕಿಲ್ಲ."

ಸೌಂದರ್ಯ ಮೆಲ್ಲಗೆ, "ನಂಗೂ ಅನುಮಾನ ಇತ್ತು ಅತ್ತೆ" ಎಂದಳು.

"ಮತ್ತೆ ಹೇಳ್ಬಾರ್ದಾಗಿತ್ತಾ?"

"ನಿಮ್ಮ ಮುಂದೆ ಬಣ್ಣದ ಮಾತು ಯಾರು ಎತ್ತಾರೆ?"

ಮಹೇಂದ್ರ ಗೋಣಿಯನ್ನು ಕೆಳಗಿಟ್ಟ. "ಬಾಗ್ಲು ತೆಗೆದಾಗ ನಂಗೂ ಅಲ್ಲಲ್ಲಿ ಹಸ್ರು ಕಂಡಿತ್ತು ಕಣವ್ವ. ನೀನು ಬಂಗಾರ ಅಂದ್ಮೇಲೆ, ನನ್ ಕಣ್ಣೇ ಸರಿಯಿಲ್ಲ ಅನ್ಕಂಡೆ." ಆಮೇಲೆ ಸೊಪ್ಪಿನ ಕಡೆಗೇ ನೋಡುತ್ತ ಕೇಳಿದ. "ಅಂಗಾರೆ ಅಪ್ಪನ ಕೈಲೂ ಈ ಬಣ್ಣ ಬರ್ನಿಲ್ಲ ಅಂದೆಯಲ್ಲ, ಅದು?"

ವಿಮಲಮ್ಮನಿಗೆ ಇದಕ್ಕಿಂತ ಕಷ್ಟದ ಪ್ರಶ್ನೆಯನ್ನು ಇಡೀ ದಿನದಲ್ಲಿ ಯಾರೂ ಕೇಳಿರಲಿಲ್ಲ. ಹೂಂ ಎನ್ನಲು ಅವಳು ಆ ಬಣ್ಣ ಕಂಡಿಲ್ಲ, ಊಹೂಂ ಎನ್ನಲು ಮನಸ್ಸಿಲ್ಲ. ಅವಳು ಮೊಮ್ಮಗಳ ಕಡೆ ತಿರುಗಿದಳು.

"ಮಿಸ್ಸಮ್ಮ, ಮುಟ್ದೆ ನೋಡಿ ಹೇಳು. ನಿಮ್ಮಪ್ಪನ ಸೊಪ್ಪಲ್ಲಿ ಹಳದಿ ಜಾಸ್ತಿಯೋ, ಹಸ್ರು ಜಾಸ್ತಿಯೋ? ಕಂಡಷ್ಟೇ ಹೇಳ್ಬೇಕು."

ಸ್ಪಂದನಾ ಸ್ಕೇಲು ಹಿಡಿದು ಚಾಪೆಯ ಸುತ್ತ ಒಂದು ಸುತ್ತು ಬಂದಳು. ಮಹೇಂದ್ರ ರಿಸಲ್ಟಿಗೆ ಕಾಯುವವನ ಹಾಗೆ ನಿಂತಿದ್ದ.

"ಹಳದಿನೇ ಜಾಸ್ತಿ," ಎಂದಳು ಅವಳು. "ಹಸ್ರು ಒಂಚೂರು. ಪಾಸು."

ಸೌಂದರ್ಯ ಕಿಟಕಿಯ ಪಕ್ಕದ ಜಾಗದಲ್ಲಿ ಕೂತು ಕತ್ತಲಾಗುವುದರೊಳಗೆ ಹಸಿರನ್ನೆಲ್ಲ ಆರಿಸಲು ತೊಡಗಿದಳು. ಆರಿಸಿ ಕೊಟ್ಟಿದ್ದನ್ನು ವಿಮಲಮ್ಮ ಕಟ್ಟು ಕಟ್ಟಿದಳು, ಅದಕ್ಕೆ ಕಣ್ಣು ಬೇಕಿರಲಿಲ್ಲ. ಮಹೇಂದ್ರ ತಾನೇ ಒಲೆ ಹಚ್ಚಿ ಟೀ ಕಾಯಿಸಿದ. ಅವ್ವನಿಗೊಂದು, ಹೆಂಡತಿಗೊಂದು ಲೋಟ ಕೊಟ್ಟು, ಅವತ್ತೂ ಎರಡು ಲೋಟ ಕುಡಿದ.