ಎಲೆ ಮೇಲಿನ ನೋಟು

ಪಕ್ಕದ ಹೊಲದ ಜವರಯ್ಯ ಪ್ರತಿ ಉಳುಮೆಗೂ ಬದು ಸರಿಸಿ ಶಿವರುದ್ರಮ್ಮನ ಹೊಲದಲ್ಲಿ ಒಂದೊಂದು ಸಾಲು ನುಂಗುತ್ತಿದ್ದ. ಅಳತೆ ಮಾಡಿಸಿ ಕಲ್ಲು ನೆಡಿಸದಿದ್ದರೆ ಅವಳ ಹುಣಸೆಮರವೂ ಅವನದೇ ಆಗುವುದಿತ್ತು. ಸರ್ವೆಯರ್ ನಟರಾಜು ಮಾತ್ರ ಐದು ಸಾವಿರವಿಲ್ಲದೆ ಅಳತೆ ಸರಪಳಿ ಮುಟ್ಟುವ ಗಿರಾಕಿಯಲ್ಲ. ಒಂದೂವರೆ ವರ್ಷ ಅಲೆದು ರೋಸಿಹೋದ ಅವಳು ಭ್ರಷ್ಟಾಚಾರ ನಿಗ್ರಹದವರಿಗೆ ದೂರು ಕೊಟ್ಟಳು.

ಅವರು ಬಂದದ್ದೇನೋ ಠಾಕುಠೀಕಾಗಿ. ಅವಳದೇ ನೋಟುಗಳಿಗೆ ಪುಡಿ ಸವರಿ, "ಅವನು ಕೇಳಿದಾಗ ಕೊಡಿ. ನೋಟು ಮುಟ್ಟಿದ ಕೈ ಅದ್ದಿದರೆ ನಮ್ಮ ನೀರು ಕೆಂಪಾಗುತ್ತೆ, ಅದೇ ಸಾಕ್ಷಿ" ಎಂದು ಇನ್‌ಸ್ಪೆಕ್ಟರು ಮೂರು ಸಲ ಹೇಳಿಕೊಟ್ಟರು. ಆದರೆ ಬರಿಗೈಲಿ ದುಡ್ಡು ಕೊಡುವುದು ಶಿವರುದ್ರಮ್ಮನ ಮನೆತನದಲ್ಲೇ ಇಲ್ಲ. ಜಂಗಮರಿಗಾಗಲಿ, ಸೂಲಗಿತ್ತಿಗಾಗಲಿ, ವೀಳ್ಯದೆಲೆ ಮೇಲಿಟ್ಟೇ ಕೊಡಬೇಕು. ಬೆಳಿಗ್ಗೆ ಹ್ಯಾಂಡ್‌ಪೋಸ್ಟ್ ಸರ್ಕಲ್ಲಿನಲ್ಲಿ ಬಸ್ಸಿಳಿದಾಗಲೇ ಎಲೆ ಕೊಂಡು ಚೀಲಕ್ಕೆ ಹಾಕಿಕೊಂಡಿದ್ದಳು.

"ತಂದ್ರಾ?" ಎಂದ ಕಚೇರಿಯಲ್ಲಿ ಕೂತಿದ್ದ ನಟರಾಜು. ಅವಳು ನೋಟಿನ ಮೇಲೂ ಕೆಳಗೂ ಎಲೆಯಿಟ್ಟು ನೀಡಿದಳು. ಅವನು ಎಲೆ ಹಿಡಿದು ಹಾಗೇ ಡ್ರಾಯರಿಗೆ ಜಾರಿಸಿದ. ನುಗ್ಗಿ ಬಂದವರು ಅವನ ಕೈ ಅದ್ದಿಸಿದರು. ನೀರು ತಿಳಿಯಾಗೇ ಇತ್ತು. ನೀರೇ ಸರಿಯಿಲ್ಲವೇನೋ ಎಂದು ಇನ್ನೊಂದು ಲೋಟದಲ್ಲಿ ಅವಳ ಕೈ ಅದ್ದಿಸಿ ನೋಡಿದರು. ಕೆಂಪಗಾಯಿತು.

"ಹೆಣ್ಮಗಳು ಎಲೆ ಕೊಟ್ರು, ಈಸ್ಕಂಡೆ. ಒಳಗೇನಿತ್ತು ಅಂತ ನಂಗೇನ್ ಗೊತ್ತು?" ಎಂದ ನಟರಾಜು.

"ಎಲೆ ತರೋಕೆ ಯಾರಮ್ಮ ನಿಮಗೆ ಹೇಳಿದ್ದು?" ಇನ್‌ಸ್ಪೆಕ್ಟರು ಹಣೆ ಚಚ್ಚಿಕೊಂಡರು.

"ನಮ್ಮವ್ವ ಯೋಳ್ಕೊಟ್ಟಿದ್ದು ಕಣ್ರೀ. ಅವ್ನು ಕೇಳಿದ್ನ ಬಾಗ್ಲಲ್ಲಿದ್ದ ನಿಮ್ಮವ್ರೂ ಕೇಳಿಸ್ಕಂಡ್ರಲ್ಲ, ಸಾಲ್ದಾ?"

ಸಾಲದಂತೆ. ಅವನು ಕೇಳಿದ್ದು ಎಲೆಯನ್ನೇ ಇರಬಹುದಂತೆ. ಇಷ್ಟು ದೊಡ್ಡ ಸರ್ಕಾರ, ಇಷ್ಟು ಜೀಪು, ಇಷ್ಟು ಕಾಗದ, ಎಲ್ಲ ಸೇರಿ ಎರಡು ವೀಳ್ಯದೆಲೆ ದಾಟಲಾಗಲಿಲ್ಲವಲ್ಲ ಎಂದು ಗೊಣಗುತ್ತ ಅವಳು ಬಸ್ಸು ಹತ್ತಿದಳು.

ಅವಳ ನೋಟುಗಳು ಸಾಕ್ಷಿಯೆಂದು ಅವರ ಬೀರು ಸೇರಿದವು. ಎಂಟು ತಿಂಗಳಿಗೆ 'ಪುರಾವೆ ಸಾಲದು' ಎಂಬ ಕಾಗದ ಬಂತು, ಹಿಂದೆಯೇ ಅಮಾನತಾಗಿದ್ದ ನಟರಾಜು ಅದೇ ಕುರ್ಚಿಗೆ ಬಂದ. ಅಷ್ಟರಲ್ಲಿ ಜವರಯ್ಯ ಇನ್ನೆರಡು ಸಾಲು ನುಂಗಿದ್ದ. ಹುಣಸೆಮರದ ಬುಡಕ್ಕೆ ಮೊಳದಷ್ಟು ಜಾಗ ಉಳಿದಿತ್ತು.

ಶಿವರುದ್ರಮ್ಮ ಮತ್ತೆ ಕಚೇರಿಗೆ ಹೋದಳು. ನಟರಾಜು ಅವಳ ಚೀಲವನ್ನೇ ನೋಡಿದ. "ಈ ಸಲ ಎಲೆ ತಂದಿಲ್ವಾ?"

"ನಿಂಗ್ಯಾಕಪ್ಪ ಎಲೆ" ಎಂದು ಅವಳು ನೋಟುಗಳನ್ನು ಎಡಗೈಯಲ್ಲೇ ತೆಗೆದು ಅವನ ಬರಿಗೈಗೆ ಇಟ್ಟಳು. ಒಂದೊಂದೇ ಎಣಿಸಿಕೊಂಡು ಅವನು ಸೋಮವಾರ ಸರಪಳಿ ತರುವುದಾಗಿ ಹೇಳಿದ. ಆ ಕೈ ಅದ್ದಿಸುವವರು ಈ ಸಲ ಯಾರೂ ಇರಲಿಲ್ಲ.