ಬಿಸಿ ದೋಸೆ ಮತ್ತು ಅಮೆರಿಕದ ಹೆಂಗಸರು

ನೀರುದೋಸೆ ಹೊಯ್ಯುವವಳಿಗೆ ಕೂರುವ ಯೋಗವಿಲ್ಲ. ಕಾವಲಿಯಿಂದ ಎದ್ದದ್ದು ಬಿಸಿಬಿಸಿಯಾಗಿಯೇ ತಟ್ಟೆಗೆ ಬೀಳಬೇಕು. ಗಲ್ಫಿನ ಅಲ್ ನಹ್ದಾದ ಫ್ಲ್ಯಾಟಿನಲ್ಲಿ ರಜೆಯ ಶುಕ್ರವಾರವೆಂದರೆ ಅಶ್ಮಿತಾಳಿಗೆ ಇದೇ ಗತಿ. ನಾಳೆ ಆನ್‌ಲೈನ್ ಪರೀಕ್ಷೆ. ಪುಸ್ತಕ ಮಿಕ್ಸಿಯ ಪಕ್ಕ ತೆರೆದು ಬಿದ್ದಿತ್ತು.

ಹೊರಗೆ ಗಂಡ ಕೀರ್ತನ್ ಗೆಳೆಯ ಧರ್ಮಪಾಲನ ಮುಂದೆ ಕೊಚ್ಚಿಕೊಳ್ಳುತ್ತಿದ್ದ: "ಅಮೆರಿಕದ ಹೆಂಗಸರ ಚರಿತ್ರೆ ಓದ್ತಾಳೆ ಮಾರಾಯ. ಕರಿಯರು, ಚೀನಾದವರು, ಎಲ್ಲ ಉಂಟು. ನಾನೇ ಓದು ಅಂತ ಬಿಟ್ಟದ್ದು."

ಬಿಟ್ಟದ್ದಂತೆ. ದನದ ಹಗ್ಗ ಬಿಟ್ಟ ಹಾಗೆ.

"ಅವರೆಲ್ಲ ಎಂತ ಮಾಡ್ತಿದ್ರು ಅತ್ತಿಗೆ?" ಧರ್ಮಪಾಲ ಕೇಳಿದ.

ಕೇಳಿದವನು ಇವನೊಬ್ಬನೇ. ಅಶ್ಮಿತಾ ಸೌಟು ಹಿಡಿದೇ ಬಾಗಿಲಿಗೆ ಬಂದಳು. "ತುಂಬ ಜನ ಬೇರೆಯವರ ಅಡುಗೆಮನೆಯಲ್ಲಿ..."

"ಅದು ಮತ್ತೆ ಹೇಳು," ಎಂದ ಕೀರ್ತನ್. "ಮೊದಲು ಇವನಿಗೊಂದು ಬಿಸಿ ದೋಸೆ ತಾ."

ಅವಳು ಹೋಗಿ ಗ್ಯಾಸ್ ಆರಿಸಿ, ಪುಸ್ತಕ ತಂದು, ಕುರ್ಚಿ ಎಳೆದು ಕೂತಳು.

"ಹಿಟ್ಟು ಅಲ್ಲೇ ಉಂಟು. ನೀವೇ ಹೊಯ್ದು ತನ್ನಿ. ನನ್ನ ಮಾತು ಮುಗಿದಿಲ್ಲ."