ಲಗಮಣ್ಣನ ಹಸಿರು ಬಟನ್

ಕೆಂಪು ಲಂಗೋಟಿಯವನು ಎದುರಾಳಿಯನ್ನು ಎತ್ತಿ ಇನ್ನೇನು ಮಣ್ಣಿಗೆ ಒಗೆಯಬೇಕು, ಅಷ್ಟರಲ್ಲಿ ಪರದೆ ಕಪ್ಪಾಯಿತು. ಕುಸ್ತಿಗೆ ಬಡಿಯುವ ಹಲಗಿಯ ಸದ್ದೂ ನಿಂತಿತು. ಕುರ್ಚಿಯಿಂದ ಅರ್ಧ ಎದ್ದಿದ್ದ ಲಗಮಣ್ಣ ಹಾಗೇ ಅಡುಗೆಮನೆಯ ಕಡೆ ತಿರುಗಿ ಕೂಗಿದ.

“ಸ್ನೇಹಲಾ! ಮತ್ತ ಸತ್ತತ ನೋಡವಾ ನಿನ್ನ ಕಂಪ್ಯೂಟರ!”

ಸೊಸೆ ಸ್ನೇಹಲ ಕೈ ಒರೆಸಿಕೊಳ್ಳುತ್ತ ಹಾಲಿಗೆ ಬಂದಳು. ಬೆಳಗಿನಿಂದ ಇದೇ ಗೋಳಾಗಿತ್ತು. ಹಚ್ಚಿದ್ದು ತಾನಾಗಿ ಆರುತ್ತಿತ್ತು, ಆರಿಸಿದ್ದು ತಾನಾಗಿ ಹೊತ್ತಿಕೊಳ್ಳುತ್ತಿತ್ತು. ಮಾವ ಸಿಟ್ಟಿನಿಂದ ರಿಮೋಟಿನ ಹಸಿರು ಬಟನ್ ಒತ್ತಿದ. ಪರದೆ ಬೆಳಗಿತು, ಪೈಲ್ವಾನರು ಮತ್ತೆ ಮೊದಲಿನಿಂದ ತೊಡೆ ತಟ್ಟಿದರು. ಅದೇ ಹೊತ್ತಿಗೆ ಹಿತ್ತಲ ಕಡೆಯಿಂದ ಅವಳ ಗಂಡ ವಿಶಾಲ ಕರೆಂಟಿನವರ ವಂಶವನ್ನೆಲ್ಲ ಬೈಯುವುದು ಕೇಳಿಸಿತು. ಮೋಟಾರು ನಡುನಡುವೆ ನಿಲ್ಲುತ್ತಿದೆಯೆಂದು ಅವನ ತಕರಾರು. ಅಪ್ಪ ಒಳಗೆ, ಮಗ ಹೊರಗೆ, ಇಬ್ಬರೂ ಒಂದೇ ರಾಗ ಹಾಡುತ್ತಿದ್ದರು.

ಉಗಾರ ಬುದ್ರುಕದಲ್ಲಿ ಗೋಡೆಯಗಲದ ಪರದೆ, ಅದಕ್ಕೊಂದು ಕಂಪ್ಯೂಟರ್, ಮೂಲೆಮೂಲೆಗೆ ಸ್ಪೀಕರ್ ಇದ್ದದ್ದು ಈ ಮನೆಯಲ್ಲಿ ಮಾತ್ರ. ಕಬ್ಬಿನ ದುಡ್ಡಿನ ಸೊಕ್ಕು ಎಂದು ಊರು ಆಡಿಕೊಂಡಿತ್ತು, ಆಡಿಕೊಂಡವರೇ ಕುಸ್ತಿ ನೋಡಲು ಬಂದು ಚಹಾ ಕುಡಿದೂ ಹೋಗಿದ್ದರು. ಎಲ್ಲವನ್ನೂ ಜೋಡಿಸಿದವಳು ಸ್ನೇಹಲ. ಚಿಕ್ಕೋಡಿಯಲ್ಲಿ ಕಾಲೇಜು ಓದುವಾಗ ಕಂಪ್ಯೂಟರ್ ಬಿಚ್ಚಿ ಕೂಡಿಸುವುದನ್ನು ಕಲಿತಿದ್ದಳು. ಮೊದಲು ಪರದೆಗೊಂದು, ಸ್ಪೀಕರಿಗೊಂದು, ಕಂಪ್ಯೂಟರಿಗೊಂದು ರಿಮೋಟು ಇದ್ದವು. “ಇಷ್ಟ ರಿಮೋಟ ಹಿಡ್ಯಾಕ ನಾ ಏನ ದೇವಿಯೇನ, ಹತ್ತ ಕೈ ಇರಾಕ?” ಎಂದು ಮಾವ ಗದರಿದ ಮೇಲೆ ಅವಳು ನಿಪ್ಪಾಣಿಯ ಒಂದು ಅಂಗಡಿಯಿಂದ ಸಣ್ಣ ಪೆಟ್ಟಿಗೆಯೊಂದನ್ನೂ ಒಂದೇ ಬಟನ್ನಿನ ರಿಮೋಟನ್ನೂ ತಂದು ಕೂಡಿಸಿದಳು. ಒತ್ತಿದರೆ ಎಲ್ಲವೂ ಒಟ್ಟಿಗೆ ಹೊತ್ತಿಕೊಳ್ಳುತ್ತಿದ್ದವು, ಮತ್ತೆ ಒತ್ತಿದರೆ ಆರುತ್ತಿದ್ದವು. ಲಗಮಣ್ಣ ಅದನ್ನು ಎಲೆಯಡಿಕೆಯ ಸಂಚಿಯ ದಾರಕ್ಕೇ ಕಟ್ಟಿಕೊಂಡ. ಅದರ ಅನುಕೂಲ ನೋಡಿ ವಿಶಾಲನೂ ಅದೇ ಅಂಗಡಿಗೆ ಹೋಗಿ, ಮನೆಯ ಹಿಂದಿನ ಬಾವಿಯ ಮೋಟಾರಿಗೆ ಅಂಥದೇ ರಿಮೋಟು ತಂದು ಹಾಕಿದ್ದ. ಇದು ಮೊನ್ನೆ ಮೊನ್ನೆಯ ಮಾತು.

ಆದರೆ ಅಂದು ಸ್ನೇಹಲಳ ಮನಸ್ಸು ಕಂಪ್ಯೂಟರಿನಲ್ಲಿ ಇರಲಿಲ್ಲ. ಅಂದು ಅಮಾವಾಸ್ಯೆ. ಹೊತ್ತು ಮುಳುಗುವ ಮೊದಲು ಬೀರಪ್ಪನ ಗುಡಿಯಲ್ಲಿ ಮಾವ ಭಂಡಾರ ಎತ್ತುವವನಿದ್ದ.

ಭಂಡಾರವೆಂದರೆ ದೇವರ ಮುಂದಿನ ಅರಿಷಿಣ. ಅದನ್ನು ಬಲಗೈಯಲ್ಲಿ ಎತ್ತಿ ಆಡಿದ ಮಾತೇ ಆ ಸೀಮೆಯಲ್ಲಿ ಕೊನೆಯ ಮಾತು. ಕೋರ್ಟಿನಲ್ಲಿ ಗೆದ್ದು ಬಂದವನನ್ನೂ ‘ಭಂಡಾರ ಎತ್ತತೀಯೇನು?’ ಎಂದು ಕೇಳುವ ಜನ. ಎತ್ತಿ ಸುಳ್ಳಾಡಿದವನ ಮನೆಯಲ್ಲಿ ದೀಪ ಹಚ್ಚುವವರು ಉಳಿಯುವುದಿಲ್ಲ ಎಂಬ ನಂಬಿಕೆ.

ಇದೆಲ್ಲ ಸೋಮವಾರದ ಸಂಗತಿಯಿಂದ ಬಂದದ್ದು. ಕುರಿ ಕಾಯುವ ಮಾಳೇಶ ಇವರ ಹೊಲಕ್ಕೆ ನೀರನ್ನೂ ಹಾಯಿಸುತ್ತಿದ್ದ. ಅಂದು ಮಧ್ಯಾಹ್ನ ಮೋಟಾರಿಗೂ ಪಂಪಿಗೂ ನಡುವೆ ಗೋಣಿಯ ದಾರ ಸುತ್ತಿಕೊಂಡಿತ್ತು. ಮೋಟಾರು ನಿಂತಿದ್ದುದನ್ನು ನೋಡಿಯೇ ಬಿಡಿಸಲು ಕೈ ಹಾಕಿದ. ಮೋಟಾರು ಗಕ್ಕನೆ ತಿರುಗಿತು. ಮಿರಜಿನ ದವಾಖಾನೆಯಲ್ಲಿ ಅವನ ಬಲಗೈಯ ಎರಡು ಬೆರಳು ತೆಗೆದರು. ವಿಶಾಲ ಆ ಹೊತ್ತಿಗೆ ಕಾಗವಾಡದಲ್ಲಿದ್ದ, ಮೋಟಾರಿನ ರಿಮೋಟು ಅವನ ಕಿಸೆಯಲ್ಲಿತ್ತು. “ತಾನ ಚಾಲೂ ಆತು” ಎಂದ ಮಾಳೇಶ. ಅವನ ತಾಯಿ ಸತ್ತೆವ್ವ ಬೀದಿಯಲ್ಲಿ ನಿಂತು, “ಈ ಮನಿಯವರ ಯಾರೋ ಹಚ್ಯಾರ” ಎಂದಳು. ಲಗಮಣ್ಣ ಕೆಂಡವಾದ. ಕುಡಿದು ತಾನೇ ಹಚ್ಚಿ, ಈಗ ನಮ್ಮ ಮನೆಯ ಮೇಲೆ ಹಾಕುತ್ತಾನೆ ಎಂದ. ಊರು ಲಗಮಣ್ಣನನ್ನೇ ನಂಬಿತು, ಯಾಕೆಂದರೆ ಅವನು ಸುಳ್ಳಾಡಿದ್ದನ್ನು ಯಾರೂ ಕೇಳಿರಲಿಲ್ಲ. ಸಂಜೆಯ ಆಣೆ ಮುಗಿದರೆ ಮಾಳೇಶ ಸುಳ್ಳನೆಂದು ಖಾಯಂ ಆಗುತ್ತಿತ್ತು. ಆಮೇಲೆ ಅವನ ಕುರಿಗಳನ್ನು ಯಾರೂ ಗೊಬ್ಬರಕ್ಕೆಂದು ಹೊಲದಲ್ಲಿ ನಿಲ್ಲಿಸಿಕೊಳ್ಳುತ್ತಿರಲಿಲ್ಲ, ಅವನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಸ್ನೇಹಲಳಿಗೆ ಮಾತ್ರ ಇದು ಗಂಟಲಲ್ಲಿ ಇಳಿದಿರಲಿಲ್ಲ. ಹೋದ ಮಳೆಗಾಲ ಮಾಳೇಶನ ಕುರಿಗಳು ಇವರ ಎಳೆಗಬ್ಬನ್ನು ಒಂದು ಮೂಲೆ ಮೇದಿದ್ದವು. ನೋಡಿದವರಿಲ್ಲ, ಕೇಳಿದವರಿಲ್ಲ. ತಾನೇ ಬಂದು ಹೇಳಿ, ತಲೆತಗ್ಗಿಸಿ ನಿಂತು ಬೈಗುಳ ತಿಂದು ಹೋಗಿದ್ದ. ಅಂಥವನು ಬೆರಳು ಕಳಕೊಂಡು ಸುಳ್ಳಾಡುತ್ತಾನೆಯೇ?

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅನ್ನುತ್ತಾರೆ. ಲಗಮಣ್ಣನಿಗೆ ಆಣೆಯ ದಿನವೂ ಕುಸ್ತಿ. ಆದರೆ ಪರದೆ ಮತ್ತೊಮ್ಮೆ ಕಪ್ಪಾದಾಗ ಅವನ ತಾಳ್ಮೆ ತೀರಿತು. ರಿಮೋಟನ್ನು ಸಂಚಿಯಿಂದ ಬಿಚ್ಚಿ ಸೊಸೆಯ ಕೈಗೆ ಕೊಟ್ಟ.

“ದುರಸ್ತಿ ಆಗೂತನಾ ಇದ ನನಗ ಬ್ಯಾಡ. ನಾ ಜಳಕಾ ಮಾಡಿ ಗುಡಿಗೆ ಹೊಂಟೆ.”

ಮಡಿ ಉಟ್ಟು, ತಲೆಗೆ ಪಟಗಾ ಸುತ್ತಿ ಅವನು ಹೊರಟುಹೋದ. ಸ್ನೇಹಲ ಪರದೆಯ ಮುಂದೆ ಕುಳಿತಳು. ಸುಮ್ಮನೆ ಕುಳಿತರೆ ಗುಡಿಯದೇ ಯೋಚನೆ ಬರುತ್ತಿತ್ತು, ಕೈಗೆ ಕೆಲಸ ಬೇಕಾಗಿತ್ತು.

ರಿಮೋಟಿಗೆ ಹೊಸ ಸೆಲ್ ಹಾಕಿ ಪರದೆ ಹಚ್ಚಿದಳು. ಪರದೆ ತಾನಾಗಿ ಆರಿತು. ದಸರೆಯ ಖಂಡೇಪೂಜೆಯ ದಿನ ಅತ್ತೆ ಕೆಂಚವ್ವ ಟ್ರ್ಯಾಕ್ಟರಿನಿಂದ ಹಿಡಿದು ಮಿಕ್ಸರಿನವರೆಗೆ ಎಲ್ಲದಕ್ಕೂ ಕುಂಕುಮ ಹಚ್ಚುವಾಗ ಈ ಸಣ್ಣ ಪೆಟ್ಟಿಗೆಯ ಬಟನ್ನಿಗೂ ಒಂದು ಬೊಟ್ಟು ಇಟ್ಟಿದ್ದಳು. ಪುಡಿ ಒಳಗಿಳಿದು ಬಟನ್ ಕಚ್ಚಿಕೊಂಡಿರಬಹುದೆಂದು ಹತ್ತಿಯಿಂದ ಒರೆಸಿದಳು. ಪರದೆ ತಾನಾಗಿ ಹೊತ್ತಿತು. ಕುಸ್ತಿಗಳನ್ನು ತುಂಬಿಟ್ಟ ಹಾರ್ಡ್ ಡಿಸ್ಕು ಪೆಟ್ಟಿಗೆಗೆ ಅಂಟಿಕೊಂಡೇ ಇತ್ತು, ಅದರಿಂದಲೂ ರಿಮೋಟಿನ ಸಿಗ್ನಲ್ ಕೆಡುವುದುಂಟು. ದೂರ ಇಟ್ಟಳು. ವೈಫೈ ಕಿತ್ತಳು. ತನ್ನ ಫೋನನ್ನು ಒಯ್ದು ಹಾಸಿಗೆಯ ಕೆಳಗೆ ಇಟ್ಟು ಬಂದಳು. ಪರದೆ ಮತ್ತೆ ಆರಿತು.

ಉಳಿದದ್ದು ರಿಮೋಟು. ಒಳಗೇ ಕೆಟ್ಟು ತಾನಾಗಿ ಸಿಗ್ನಲ್ ಬಿಡುತ್ತಿದ್ದರೆ? ಅಡುಗೆಮನೆಗೆ ಹೋಗಿ ಸ್ಟೀಲಿನ ಹಿಟ್ಟಿನ ಡಬ್ಬಿಯನ್ನು ಬರಿದು ಮಾಡಿ, ರಿಮೋಟನ್ನು ಅದರೊಳಗಿಟ್ಟು ಮುಚ್ಚಳ ಬಿಗಿದಳು. ಸ್ಟೀಲು ದಾಟಿ ಸಿಗ್ನಲ್ ಬರಲಾರದು. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಪರದೆಯನ್ನೇ ನೋಡುತ್ತ ಕುಳಿತಳು.

ಪರದೆ ಝಗ್ಗನೆ ಹೊತ್ತಿಕೊಂಡಿತು. ಹಲಗಿ ಬಡಿಯತೊಡಗಿತು.

ಬಾಗಿಲಲ್ಲಿ ನಿಂತಿದ್ದ ಕೆಂಚವ್ವ ಸೆರಗು ಬಾಯಿಗೆ ಹಿಡಿದಳು. “ನಾ ಹೇಳಿಲ್ಲೇನ? ಹ್ವಾದ ವಾರ ರಾತ್ರಿ ರಾತ್ರಿ ತಾನ ಹೊತ್ತತಿತ್ತು. ಇದ್ರಾಗ ಗಾಳಿ ಹೊಕ್ಕೈತಿ, ತಂಗೀ.”

“ಹ್ವಾದ ವಾರ ಬರೇ ರಾತ್ರಿ ಏನ್ರಿ, ಅತ್ತಿ? ಹಗಲಿ ಇಲ್ಲ?”

“ಹಗಲಿ ಎಲ್ಲಿ? ದೆವ್ವ ಹಗಲಿ ಬರ್ತಾವೇನ?”

ಸ್ನೇಹಲ ಕಿಟಕಿಯಿಂದ ಹೊರಗೆ ನೋಡಿದಳು. ವಿಶಾಲ ಹಿತ್ತಲಲ್ಲಿ ಬಾವಿಯ ಕಡೆ ಮುಖಮಾಡಿ ನಿಂತಿದ್ದ. ಕೈಯಲ್ಲಿ ಮೋಟಾರಿನ ರಿಮೋಟು. ಪೈಪಿನಿಂದ ನೀರು ಆಗಷ್ಟೇ ಬೀಳತೊಡಗಿತ್ತು. ಮೋಟಾರು ನಡೆಸುವ ತ್ರೀ ಫೇಸ್ ಕರೆಂಟು ಬರುವುದು ಒಂದು ವಾರ ರಾತ್ರಿ, ಒಂದು ವಾರ ಹಗಲು. ಹೋದ ವಾರ ರಾತ್ರಿ ಪಾಳಿ ಇತ್ತು. ಗಂಡ ಹಾಸಿಗೆಯಲ್ಲಿ ಕುಳಿತೇ ಮೋಟಾರು ಹಚ್ಚುತ್ತಿದ್ದ.

“ರೀ, ಅದನ್ನ ಇನ್ನೊಮ್ಮಿ ಒತ್ತರಿ!”

ಅವನು ಒತ್ತಿದ. ಅವಳ ಬೆನ್ನ ಹಿಂದೆ ಹಲಗಿ ನಿಂತಿತು.

ವಿಶಾಲ ಒಳಗೆ ಬಂದು, ಸಂಗತಿ ತಿಳಿದು ನಕ್ಕೇಬಿಟ್ಟ. “ಎರಡಕ್ಕೂ ಒಂದ ಕೋಡ್ ಹಾಕಿ ಕೊಟ್ಟಾನ ಆ ಅಂಗಡ್ಯಾಂವ. ಸುಮ್ಮನ ಕರೆಂಟಿನವರ್ನ ಬೈದೆ. ನಾಳಿ ಬದಲಿ ಮಾಡಸ್ತೀನಿ ಬಿಡ.”

ಅವನ ನಗೆ ಸ್ನೇಹಲಳನ್ನು ಮುಟ್ಟಲಿಲ್ಲ. ಅವಳು ಡಬ್ಬಿಯ ಮುಚ್ಚಳವನ್ನೇ ನೋಡಿದಳು. ಅವನ ರಿಮೋಟಿಗೆ ಇವಳ ಕಂಪ್ಯೂಟರು ಓಗೊಟ್ಟರೆ, ಮಾವನ ರಿಮೋಟಿಗೆ?

“ಬಾವಿ ಹಂತೇಕ ಯಾರರ ಅದಾರೇನ್ರಿ?”

“ಯಾರೂ ಇಲ್ಲ. ಯಾಕ?”

ಅವಳು ಮುಚ್ಚಳ ತೆಗೆದು ಹಸಿರು ಬಟನ್ ಒತ್ತಿದಳು. ಪರದೆ ಬೆಳಗಿತು. ಹಿತ್ತಲ ಬಾವಿಯಲ್ಲಿ ಮೋಟಾರು ಗುಂಯ್ ಎಂದಿತು.

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿದರು. ಸೋಮವಾರ ಹಗಲು ಪಾಳಿಯ ಮೊದಲ ದಿನ. ಅಂದು ಊಟವಾದ ಮೇಲೆ ಮಾವ ಕುರ್ಚಿಯಲ್ಲಿ ಒರಗಿ ಇದೇ ಬಟನ್ ಒತ್ತಿದ್ದ, ಸ್ನೇಹಲ ಅವನಿಗೆ ಮಜ್ಜಿಗೆ ಕೊಡುತ್ತಿದ್ದಳು. ‘ಸಪ್ಪಳ ಇನ್ನೀಟ ಏರಸವಾ’ ಎಂದಿದ್ದ. ಇವಳೇ ಏರಿಸಿದ್ದಳು. ಹಲಗಿಯ ಅಬ್ಬರದಲ್ಲಿ ಮನೆಯವರಿಗೆ ಏನೂ ಕೇಳಿರಲಿಲ್ಲ, ಮಾಳೇಶ ರಕ್ತ ಸುರಿಸುತ್ತ ಬಾಗಿಲಿಗೇ ಬರಬೇಕಾಯಿತು. ಅಂದಿನಿಂದ ಇಂದು ಬೆಳಗಿನವರೆಗೆ ಮೋಟಾರಿನ ಮೇನ್ ಸ್ವಿಚ್ ಇಳಿಸಿಯೇ ಇತ್ತು, ಅದಕ್ಕೇ ನಡುವೆ ಏನೂ ಗೊತ್ತಾಗಲಿಲ್ಲ.

“ಮದಲ ಮೇನ್ ಇಳಸ್ರಿ. ಆಮ್ಯಾಲ ಗಾಡಿ ತಗೀರಿ. ಗುಡಿಗೆ ಹೋಗೂಣು.”

ವಿಶಾಲ ಮೇನ್ ಇಳಿಸಿ ಬಂದ, ಗಾಡಿ ತೆಗೆಯಲಿಲ್ಲ. “ಊರ ಮಂದಿ ಎಲ್ಲಾ ಕೂಡ್ಯಾರ ಅಲ್ಲಿ. ಈಗ ಹೋಗಿ ಹೇಳಿದ್ರ ಅಪ್ಪನ ಮಾರಿ ಏನಾಗಬೇಕು? ಅಂವಗ ಗೊತ್ತಿಲ್ಲ. ತಿಳೀದ ಎತ್ತಿದ್ರ ಸುಳ್ಳ ಅಲ್ಲ ಅದು. ಮಾಳೇಶಗ ಆಮ್ಯಾಲ ನಾವ ಸಮಾಧಾನ ಮಾಡೂಣು.”

“ಮಾವಾರಿಗಿ ಗೊತ್ತಿಲ್ಲ, ಖರೇ. ನಮಗ ಗೊತ್ತೈತೆಲ್ಲ?” ಅವಳು ಡಬ್ಬಿಯನ್ನು ಕೆಳಗಿಟ್ಟಳು. “ಇನ್ನ ಅವ್ರ ಎತ್ತಿದ್ರ ಆ ಸುಳ್ಳ ನಮ್ಮದು. ನೀವ ಬರ್ದಿದ್ರ ನಾ ಒಬ್ಬಾಕಿನ ನಡಕೋತ ಹೋಗ್ತೀನಿ.”

ಹೇಳಿದವಳೇ ರಿಮೋಟು ಹಿಡಿದು ಹೊಸ್ತಿಲು ದಾಟಿದಳು. ಮದುವೆಯಾಗಿ ಬಂದಾಗಿನಿಂದ ಮಾವನ ಎದುರು ಒಂದು ಎದುರುಮಾತು ಆಡಿದವಳಲ್ಲ. ಆದರೂ ನಿಲ್ಲಲಿಲ್ಲ. ಓಣಿಯ ತಿರುವಿನಲ್ಲಿ ಹಿಂದಿನಿಂದ ಗಾಡಿಯ ಸದ್ದು ಬಂತು. “ಹತ್ತ” ಎಂದ ವಿಶಾಲ, ಅವಳ ಮುಖ ನೋಡದೆ.

ಗುಡಿಯ ಕಟ್ಟೆಯ ತುಂಬ ಜನ. ಕಂಬಕ್ಕೊರಗಿ ಸತ್ತೆವ್ವ ಕಲ್ಲಾಗಿ ಕುಳಿತಿದ್ದಳು. ಪೂಜಾರಿ ಗಂಗಾರಾಮ ಭಂಡಾರದ ತಾಟು ಹಿಡಿದು ನಿಂತಿದ್ದ. ತಾನೂ ಎತ್ತುತ್ತೇನೆಂದು ಅದರ ಮುಂದೆ ಬಂದು ನಿಂತಿದ್ದ ಮಾಳೇಶ, ಎದುರಿಗೆ ಲಗಮಣ್ಣ.

“ಎಡಗೈ ನಡ್ಯಾಂಗಿಲ್ಲಪಾ,” ಎನ್ನುತ್ತಿದ್ದ ಗಂಗಾರಾಮ. “ಬಲಗೈಲೆ ಎತ್ತಬೇಕು. ಬರಿಗೈ.”

ಮಾಳೇಶ ಎಡಗೈಯಿಂದ ಬಲಗೈಯ ಬ್ಯಾಂಡೇಜು ಬಿಚ್ಚತೊಡಗಿದ. ಒಳಗಿನ ಅರಿವೆ ಗಾಯಕ್ಕೆ ಅಂಟಿಕೊಂಡಿತ್ತು. ಹಲ್ಲು ಕಚ್ಚಿ ಎಳೆಯುತ್ತಿದ್ದ. ಯಾರೋ ಹೆಂಗಸು ಮುಖ ತಿರುಗಿಸಿದಳು.

“ಬಿಚ್ಚಬ್ಯಾಡ, ಮಾಳೇಶ!” ಸ್ನೇಹಲ ಜನರ ನಡುವೆ ನುಗ್ಗಿದಳು. “ಮಾವಾರ, ನೀವೂ ತಾಟಿಗಿ ಕೈ ಹಚ್ಚಬ್ಯಾಡ್ರಿ. ನಿಮ್ಮ ಕಾಲ ಬೀಳ್ತೀನಿ.”

ಲಗಮಣ್ಣನ ಕಣ್ಣು ಕೆಂಪಾದವು. “ಮನಿ ಹೆಣಮಗಳಿಗೆ ಇಲ್ಲೇನ ಕೆಲಸ? ವಿಶಾಲ, ಕರಕೊಂಡ ನಡಿ ಈಕೀನ.”

ವಿಶಾಲ ಅಲುಗಾಡಲಿಲ್ಲ. “ಆಕೀ ಮಾತ ಕೇಳ, ಅಪ್ಪಾ,” ಎಂದ, ತಲೆತಗ್ಗಿಸಿ.

ಸ್ನೇಹಲ ಹೇಳಿದಳು. ಮೆಲ್ಲಗೆ ಹೇಳಬೇಕೆಂದುಕೊಂಡಿದ್ದಳು, ಆದರೆ ಊರಿಗೆಲ್ಲ ಕೇಳಿಸಿತು. ಎರಡು ರಿಮೋಟಿಗೂ ಕೋಡ್ ಒಂದೇ. ಮನೆಯಲ್ಲಿ ಕುಸ್ತಿ ಹಚ್ಚಿದರೆ ಬಾವಿಯಲ್ಲಿ ಮೋಟಾರು ಹತ್ತುತ್ತದೆ. ಈಗಷ್ಟೇ ಇಬ್ಬರೂ ಕಣ್ಣಾರೆ ನೋಡಿ ಬಂದಿದ್ದಾರೆ. ಸೋಮವಾರ ಊಟವಾದ ಮೇಲೆ ಹಚ್ಚಿದ್ದು ಮಾವನವರು, ಸಪ್ಪಳ ಏರಿಸಿದ್ದು ತಾನು. “ಈ ಒಂದ ಬಟನ್ ತಂದ ಕೊಟ್ಟಾಕಿನೂ ನಾನ ರೀ,” ಎಂದು ರಿಮೋಟನ್ನು ಮುಂದೆ ಚಾಚಿದಳು.

ಲಗಮಣ್ಣ ಅವಳ ಕೈಯಿಂದ ರಿಮೋಟು ತಗೊಂಡ. ತಿರುಗಿಸಿ ತಿರುಗಿಸಿ ನೋಡಿದ. ಹಸಿರು ಬಟನ್ ಅವನ ಹೆಬ್ಬೆರಳಿಗೆ ಸವೆದು ನುಣ್ಣಗಾಗಿತ್ತು. ಆಮೇಲೆ ಮಾಳೇಶನ ಕಡೆ ನೋಡಿದ.

“ಒದರಿದೇನ್ಲೇ ನೀ, ಅವತ್ತ?”

“ಒದರಿದ್ನಿರಿ, ಮಾಲಕ್ರ. ಬಾಳ ಒದರಿದ್ನಿ. ನಿಮ್ಮ ಮನ್ಯಾಗ ಹಲಗಿ ಬಾರಸಾಕತ್ತಿತ್ತು.”

ಲಗಮಣ್ಣನ ಕೈ ತಾಟಿನ ಕಡೆ ಹೋಯಿತು. ಗಂಗಾರಾಮ ತಾಟು ಹಿಂದಕ್ಕೆಳೆದುಕೊಂಡ.

“ಇನ್ನ ಯಾಕ, ಲಗಮಣ್ಣ? ಎಲ್ಲಾ ತಿಳೀತೆಲ್ಲ. ನಡೀರಿ ಮನಿಗಿ.”

“ಎತ್ತತೀನಂತ ಊರಿಗೆ ಹೇಳೀನಿ, ಎತ್ತತೀನಿ. ಹಿಡಿ ತಾಟ.”

ಅವನು ಬಲಗೈ ತುಂಬ ಭಂಡಾರ ತಗೊಂಡ. ಬೆರಳ ಸಂದಿನಿಂದ ಅರಿಷಿಣ ಮಡಿಯ ಮೇಲೆ ಉದುರಿತು. ಕುಡಿದಿದ್ದ ಎಂದು ಅಂದು ಕೂಗಿದ ಅದೇ ದೊಡ್ಡ ದನಿ ಈಗ ಒಡೆದುಹೋಗಿತ್ತು.

“ಬೀರಪ್ಪನ ಆಣಿ. ಮಾಳೇಶ ಕುಡದಿದ್ದಿಲ್ಲ. ಅಂವ ಹೇಳಿದ್ದ ಖರೇ. ಮೋಟಾರ ಹಚ್ಚಿದಾಂವ ನಾ.”

ಕಂಬದ ಹತ್ತಿರ ಸತ್ತೆವ್ವ ಸೋಮವಾರದಿಂದ ಹಿಡಿದಿಟ್ಟ ಅಳುವನ್ನೆಲ್ಲ ಒಮ್ಮೆಲೇ ಬಿಟ್ಟಳು. ಆಣೆ ಮಾಡಿದವನು ಎದುರಿನವನ ಹಣೆಗೆ ಭಂಡಾರ ಹಚ್ಚಬೇಕು. ಲಗಮಣ್ಣ ಮಾಳೇಶನ ಮುಂದೆ ಬಂದು ನಿಂತ, ಆದರೆ ಕೈ ಎತ್ತಲಾಗಲಿಲ್ಲ.

ಮಾಳೇಶ ಅರ್ಧ ಬಿಚ್ಚಿದ ಬ್ಯಾಂಡೇಜಿನ ಕೈಯಿಂದಲೇ ಮುದುಕನ ಮುಂಗೈ ಹಿಡಿದು, ಅದನ್ನು ತಾನೇ ತನ್ನ ಹಣೆಗೆ ಒಯ್ದ. ಬಿಳಿ ಅರಿವೆಯ ತುಂಬ ಅರಿಷಿಣ ಸುರಿಯಿತು. ಅದನ್ನು ಯಾರೂ ಕೊಡವಲಿಲ್ಲ.